ಹಡಗು ಬಂದರಿನ ಧಕ್ಕೆಯಲ್ಲಿರುವಾಗಲೇ ಶಿಕ್ಷಕರನ್ನು ಹತ್ತಿಸಿಕೊಳ್ಳಲಿ

ಮಾನ್ಯ ಸಂಪಾದಕರೇ,

ಅಮೆರಿಕದ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತ, ಅಂದರೆ ನೋವಾ, 1990ರಲ್ಲಿ ‘ಟೀಚರ್ ಅಟ್ ಸೀ’ ಎಂಬ ಯೋಜನೆಯನ್ನು ಆರಂಭಿಸಿತು. ಅದರಡಿ ಎಂಟುನೂರಕ್ಕೂ ಹೆಚ್ಚು ಶಿಕ್ಷಕರು ಸಂಶೋಧನಾ ಹಡಗುಗಳಲ್ಲಿ ವಿಜ್ಞಾನಿಗಳ ಜೊತೆ ದುಡಿದು, ಕಂಡದ್ದನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ದಿನಚರಿಯ ರೂಪದಲ್ಲಿ ಬರೆದಿಟ್ಟಿದ್ದಾರೆ. ಅಂಕೋಲಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಆ ದಿನಚರಿಗಳಲ್ಲಿ ತೀರ ಹಿಡಿಸಿದ್ದು ಸಮುದ್ರಯಾನಕ್ಕೂ ಮೊದಲಿನ ಪುಟಗಳು: ಶಿಕ್ಷಕರು ಚೀಲ ಹೊತ್ತು ಹಡಗು ಹತ್ತಿದ ಮೇಲೆ, ಅದು ಇನ್ನೂ ಬಂದರಿನಲ್ಲಿಯೇ ಹಗ್ಗ ಬಿಗಿದುಕೊಂಡು ನಿಂತಿರುವ ಮೊದಲ ದಿನಗಳ ವಿವರ. ಉತ್ತರ ಕನ್ನಡದ ಕರಾವಳಿ ಶಿಕ್ಷಕರಿಗೂ ಇಂಥದೊಂದು ಅವಕಾಶ ಬೇಕು, ಮತ್ತು ಅದನ್ನು ಈ ಬಂದರಿನ ದಿನಗಳಿಂದಲೇ ಆರಂಭಿಸಬೇಕು ಎಂದು ಸೂಚಿಸಲು ಈ ಪತ್ರ.

ಹಡಗು ಸೇರಿದ ಹೊಸಬರಿಗೆ ಮೊದಲ ಪಾಠ ಜೀವರಕ್ಷಣೆಯದು. ತಣ್ಣೀರಿನಲ್ಲಿ ಮೈಶಾಖ ಉಳಿಸುವ, ಪಾದದಿಂದ ತಲೆಯವರೆಗೆ ಮುಚ್ಚುವ ದಪ್ಪ ಉಡುಪನ್ನು ಯಾರ ನೆರವೂ ಇಲ್ಲದೆ ಎರಡು ನಿಮಿಷದೊಳಗೆ ತೊಡಬೇಕು. ಅಪಾಯ ಸೂಚಿಸುವ ಸೀಟಿಯ ಏಳು ಗಿಡ್ಡ ಕೂಗು ಮತ್ತು ಒಂದು ಉದ್ದ ಕೂಗು ಕೇಳಿದೊಡನೆ ತನಗೆ ಗೊತ್ತುಮಾಡಿದ ಜಾಗಕ್ಕೆ ಓಡಿಹೋಗಿ ನಿಲ್ಲಬೇಕು. ಬಳಿಕ ಪ್ರಯೋಗಾಲಯದ ಸರದಿ. ಧಕ್ಕೆಯಲ್ಲಿ ಅಲುಗಾಡದೆ ಕುಳಿತಿರುವ ಕಂಪ್ಯೂಟರು, ಗಾಜಿನ ಸೀಸೆ, ಕುರ್ಚಿಗಳೆಲ್ಲ ಅಲೆಗೆ ಸಿಕ್ಕರೆ ಎಲ್ಲಿಗೆ ಉರುಳಿಯಾವೆಂದು ಮೊದಲೇ ಊಹಿಸಿ ಒಂದೊಂದನ್ನೂ ಕಟ್ಟಿ ಭದ್ರಪಡಿಸುತ್ತಾರೆ. ನೀರಿನ ಲವಣಾಂಶ, ಉಷ್ಣತೆ ಮತ್ತು ಆಳವನ್ನು ಅಳೆಯುವ ಸಿಟಿಡಿ ಎಂಬ ಉಪಕರಣ ಡೆಕ್ಕಿನ ಮೇಲೆಯೇ ಇರುತ್ತದೆ. ಅದರ ಸುತ್ತಲಿನ ಸೀಸೆಗಳು ಬೇಕಾದ ಆಳದಲ್ಲಿಯೇ ಬಾಯಿ ಮುಚ್ಚಿಕೊಂಡು ನೀರನ್ನು ಹಿಡಿದು ತರುವ ಬಗೆಯನ್ನು ಕೈಯಿಂದ ಮುಟ್ಟಿ ತಿಳಿಯಬಹುದು. ಹಡಗು ಹೊರಟ ಮೇಲೆ ಹಗಲಿರುಳೂ ಪಾಳಿಯ ಕೆಲಸ. ಹೊಸಬರ ಪ್ರಶ್ನೆಗಳಿಗೆ ಆಗ ಯಾರಿಗೆ ಪುರುಸೊತ್ತು? ಬಂದರಿನಲ್ಲಿ ಎಂಜಿನಿಯರನಿಂದ ಅಡುಗೆಯವನವರೆಗೆ ಎಲ್ಲರನ್ನೂ ಮಾತಿಗೆಳೆಯಲು ಆಗುತ್ತದೆ, ಯಾವುದೋ ಬಿಡಿಭಾಗಕ್ಕಾಗಿಯೋ ಹವಾಮಾನಕ್ಕಾಗಿಯೋ ಪ್ರಯಾಣ ಒಂದು ದಿನ ಮುಂದೆ ಹೋದರಂತೂ ಕಲಿಯುವವರಿಗೆ ಲಾಭವೇ.

ಇದು ನಮ್ಮ ತರಗತಿಗೆ ಎಷ್ಟು ಹತ್ತಿರದ್ದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ ನಾವು ಕಲಿಸುತ್ತ ಬಂದ ಲೆಕ್ಕವೊಂದಿದೆ: ಹಡಗಿನಿಂದ ಹೊರಟ ಶ್ರವಣಾತೀತ ತರಂಗ ಸಮುದ್ರತಳಕ್ಕೆ ತಾಗಿ 3.42 ಸೆಕೆಂಡಿಗೆ ಮರಳಿದರೆ, ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1531 ಮೀಟರ್ ಆಗಿದ್ದಾಗ, ತಳ ಎಷ್ಟು ದೂರ? ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿನ ಪರ್ಸೀನ್ (ಸುತ್ತುಬಲೆ) ಬೋಟುಗಳಲ್ಲಿ ಇದೇ ತತ್ವದ ಯಂತ್ರದಿಂದ ಮೀನಿನ ಹಿಂಡು ಹುಡುಕುತ್ತಾರೆ. ಬೋಟು ನಡೆಸುವ ತಾಂಡೇಲನ ಮಗ ಅದರ ಪರದೆಯನ್ನು ನೋಡಿರುತ್ತಾನೆ, ಪಾಠ ಮಾಡುವ ನಾವು ನೋಡಿರುವುದಿಲ್ಲ. ಹಾಗೆಯೇ, ಮುಂಗಾರಿನ ತಿಂಗಳುಗಳಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ನಮ್ಮ ಪಶ್ಚಿಮ ಕರಾವಳಿಯತ್ತ ಏರಿ ಬರುತ್ತದೆ, ಮಳೆಗಾಲದ ಕೊನೆಯ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ತೀರ ಕುಸಿದಿರುತ್ತದೆ. ಬಲೆಯ ದುಡಿಮೆಯಿಂದ ಮನೆ ನಡೆಯುವ ಮಕ್ಕಳಿಗೆ ಇದಕ್ಕಿಂತ ಅಗತ್ಯದ ವಿಜ್ಞಾನ ಯಾವುದಿದೆ ಎಂದು ನನಗೆ ತೋಚುವುದಿಲ್ಲ.

ಈ ಆಮ್ಲಜನಕದ ಏರಿಳಿತವನ್ನು ವರ್ಷಗಳಿಂದ ಅಳೆಯುತ್ತ ಬಂದಿರುವವರು ದೂರದವರಲ್ಲ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1966ರಲ್ಲಿ ಸ್ಥಾಪನೆಯಾದದ್ದು. 2014ರಲ್ಲಿ ಸೇವೆಗೆ ಸೇರಿದ ಅದರ ಸುಮಾರು 80 ಮೀಟರ್ ಉದ್ದದ ‘ಸಿಂಧು ಸಾಧನ’ ಹಡಗು ಮರ್ಮಗೋವಾ ಬಂದರಿಗೆ ಬಂದುಹೋಗುತ್ತದೆ. ಕಾಳಿ ನದಿ ದಾಟಿ, ಮಾಜಾಳಿಯ ಗಡಿ ಕಳೆದು ಹೊರಟರೆ ಕಾರವಾರದಿಂದ ಅಲ್ಲಿಗೆ ನೂರು ಕಿಲೋಮೀಟರೂ ಇಲ್ಲ. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ‘ಚಾಪೆಲ್’ ಯುದ್ಧನೌಕೆಯನ್ನು ಹತ್ತಿಳಿದ ಮಕ್ಕಳು ಕ್ಷಿಪಣಿಯ ಬಗ್ಗೆ ಅಷ್ಟಿಷ್ಟು ಹೇಳಬಲ್ಲರು (ಅದರಲ್ಲಿ ತಪ್ಪೇನಿಲ್ಲ), ಸಮುದ್ರವನ್ನು ಓದುವುದಕ್ಕೆಂದೇ ಕಟ್ಟಿದ ಹಡಗುಗಳಿವೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

ಸಮುದ್ರಯಾನದಲ್ಲಿ ಶಿಕ್ಷಕರಿಗೆ ಹಾಸಿಗೆ ಕೊಡುವುದು ಸುಲಭವಲ್ಲವೆಂದು ನಾನೂ ಒಪ್ಪುತ್ತೇನೆ. ಹಡಗಿನಲ್ಲಿ ಜಾಗ ಕಡಿಮೆ, ವಾರಗಟ್ಟಲೆ ಮನೆ ಬಿಟ್ಟಿರುವುದು ಚಿಕ್ಕ ಮಕ್ಕಳಿರುವ ಶಿಕ್ಷಕಿಯರಿಗೆ ಕಷ್ಟ. ಆದರೆ ಬಂದರಿನಲ್ಲಿ ಉಪಕರಣಗಳನ್ನು ಏರಿಸುವ ಎರಡು–ಮೂರು ದಿನ ಜೊತೆಗಿರಲು ಪ್ರವೇಶದ ಪಾಸು, ಬಸ್ಸಿನ ಖರ್ಚು, ಹೇಳಿಕೊಡಲು ಒಬ್ಬ ವಿಜ್ಞಾನಿ ಇದ್ದರೆ ಸಾಕು. ಚುನಾವಣೆಗೂ ಸಮೀಕ್ಷೆಗೂ ಶಿಕ್ಷಕರನ್ನು ಧಾರಾಳವಾಗಿ ಬಿಡುಗಡೆ ಮಾಡುವವರು ಇದಕ್ಕೆ ಹಿಂಜರಿಯಬೇಕಾಗಿಲ್ಲ. ವಿದೇಶದ ಶಿಕ್ಷಕರು ಮಕ್ಕಳು ಚಿತ್ರ ಬರೆದ ಥರ್ಮೋಕೋಲ್ ಲೋಟಗಳನ್ನು ಜೊತೆಗೆ ಒಯ್ಯುತ್ತಾರೆ. ಸಿಟಿಡಿಯ ಜೊತೆ ಸಾವಿರಾರು ಮೀಟರ್ ಕೆಳಗೆ ಹೋಗಿ ಬರುವಷ್ಟರಲ್ಲಿ ನೀರಿನ ಒತ್ತಡಕ್ಕೆ ಅವು ಲಿಂಬೆಹಣ್ಣಿನ ಗಾತ್ರಕ್ಕೆ ಕುಗ್ಗಿರುತ್ತವೆ. ನಮ್ಮ ಶಿಕ್ಷಕರು ಧಕ್ಕೆಯಲ್ಲಿಯೇ ಇಳಿದು ಹಿಂದಿರುಗಿದರೂ, ಲೋಟಗಳನ್ನು ವಿಜ್ಞಾನಿಗಳ ಕೈಗೆ ಒಪ್ಪಿಸಿ ಬರಬಹುದಲ್ಲವೇ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಈ ಐದು ತಾಲ್ಲೂಕುಗಳಿಂದ ತಲಾ ಇಬ್ಬರು ವಿಜ್ಞಾನ ಶಿಕ್ಷಕರನ್ನು ಕುಮಟಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಆರಿಸಲಿ. ಹೋಗಿ ಬಂದವರು ನೆರೆಯ ಶಾಲೆಗಳಲ್ಲಿಯೂ ಪಾಠ ಮಾಡಬೇಕೆಂಬ ಕರಾರನ್ನು ಹಾಕಲಿ. ಸಮುದ್ರವಿಜ್ಞಾನಿಗಳೊಡನೆ ಮಾತನಾಡಲು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗಕ್ಕಿಂತ ತಕ್ಕವರು ಜಿಲ್ಲೆಯಲ್ಲಿಲ್ಲ. ಡಯಟ್ ಮತ್ತು ಈ ವಿಭಾಗ ಸೇರಿ ದೋನಾ ಪಾವ್ಲಾಕ್ಕೆ ಈಗಲೇ ಒಂದು ವಿನಂತಿ ಕಳಿಸಿದರೆ, ಹಡಗಿನ ವೇಳಾಪಟ್ಟಿ ಹೊಂದಿಬಂದಲ್ಲಿ, ದಸರಾ ರಜೆಯಲ್ಲಿ ಮೊದಲ ತಂಡ ಮರ್ಮಗೋವಾಕ್ಕೆ ಹೋಗಬಹುದು.

ಇತಿ,
ಒಬ್ಬ ವಿಜ್ಞಾನ ಶಿಕ್ಷಕ, ಅಂಕೋಲಾ ತಾಲ್ಲೂಕು