ಶಾಲೆ ರಸ್ತೆಯಲ್ಲಿ 30ರ ಮೇಲೆ ಬೇಡ: ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಪತ್ರ ಫೀಸು, ಪರೀಕ್ಷೆ, ಯೂನಿಫಾರ್ಮ್ ಬಗ್ಗೆ ಅಲ್ಲ. ನಮ್ಮ ಗೇಟಿನ ಮುಂದಿನ ರಸ್ತೆಯಲ್ಲಿ ಗಾಡಿಗಳು ಓಡುವ ವೇಗದ ಬಗ್ಗೆ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ. ಮನೆಯಲ್ಲಿ ಗಾಡಿ ಓಡಿಸುವವರೆಲ್ಲರಿಗೂ ಓದಲು ಕೊಡಿ.

ನಮ್ಮದು ಮೈಸೂರಿನ ಹಳೇ ಬಡಾವಣೆ. ಮನೆಗಳವರು ಓಡಾಡಲಿ ಎಂದು ಮಾಡಿದ ರಸ್ತೆ ಇದು. ಈಗ ರಿಂಗ್ ರೋಡಿನ ಸಿಗ್ನಲ್ ತಪ್ಪಿಸಿಕೊಳ್ಳುವವರಿಗೆಲ್ಲ ಇದೇ ಒಳದಾರಿ. ಮೊಬೈಲ್ ಮ್ಯಾಪ್ ಕೂಡ ಇದನ್ನೇ ತೋರಿಸುತ್ತದೆ. ಎರಡೂ ಬದಿ ಕಾರು ನಿಂತಿರುತ್ತವೆ. ಫುಟ್‌ಪಾತ್ ಇರುವ ಕಡೆ ಟ್ರಾನ್ಸ್‌ಫಾರ್ಮರ್, ಇಲ್ಲವೇ ಯಾರದೋ ಮನೆ ಕಟ್ಟಲು ತಂದ ಜಲ್ಲಿ ರಾಶಿ. ಹಾಗಾಗಿ ಮಕ್ಕಳು ನಡೆಯುವುದು ರಸ್ತೆಯಲ್ಲೇ.

ಎಂಟನೇ ತರಗತಿಯ ಗಣಿತ ಮೇಷ್ಟ್ರು ಈಚೆಗೆ ಮಕ್ಕಳಿಂದ ಒಂದು ಕೆಲಸ ಮಾಡಿಸಿದರು. ಕಾಂಪೌಂಡಿನ ಪಕ್ಕ ಎರಡು ಗುರುತು ಹಾಕಿ, ನಡುವೆ ಟೇಪಿನಲ್ಲಿ ಸರಿಯಾಗಿ 50 ಮೀಟರ್ ಅಳೆಸಿದರು. ಮಕ್ಕಳು ಕಾಂಪೌಂಡಿನ ಒಳಗೇ ನಿಂತು, ಶಾಲೆ ಶುರುವಾಗುವ ಹೊತ್ತಿಗೆ ಬರುವ ಗಾಡಿಗಳನ್ನು ಸ್ಟಾಪ್‌ವಾಚ್ ಹಿಡಿದು ನೋಡಿದರು. ಲೆಕ್ಕ ಸುಲಭ. 50 ಮೀಟರ್ ದಾಟಲು 6 ಸೆಕೆಂಡ್ ಬೇಕಾದರೆ ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರ್. 4 ಸೆಕೆಂಡ್ ಆದರೆ 45. 3 ಸೆಕೆಂಡಿಗೇ ದಾಟಿದರೆ 60. ಹೆಚ್ಚಿನ ಗಾಡಿಗಳು ನಾಲ್ಕರ ಆಸುಪಾಸಿನಲ್ಲಿ ದಾಟಿದವು. ಮೂರಕ್ಕೇ ದಾಟಿದವೂ ಇದ್ದವು. ಮಕ್ಕಳು ತಾವಾಗೇ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಯಾವ ಗಾಡಿಯಲ್ಲಿ ಸ್ಕೂಲ್ ಬ್ಯಾಗ್ ಕಂಡಿತು ಅಂತಲೂ ಬರೆದುಕೊಂಡಿದ್ದರು. ಜೋರಾಗಿ ಬಂದ ಗಾಡಿಗಳಲ್ಲಿ ಬ್ಯಾಗ್ ಇದ್ದವೇ ಜಾಸ್ತಿ. ಅಂದರೆ ಅವು ನಮ್ಮ ಮಕ್ಕಳನ್ನು ಬಿಡಲು ಬಂದ ಗಾಡಿಗಳು.

ಯಾರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ತಿಂಡಿ, ಡಬ್ಬ, ಜಡೆ, ಕಳೆದುಹೋದ ಸಾಕ್ಸು, ಆಮೇಲೆ ನಿಮ್ಮ ಆಫೀಸಿನ ಹೊತ್ತು. ಬೆಳಗಿನ ಅವಸರ ನನಗೂ ಗೊತ್ತು. ಆದರೆ ಮುಖ್ಯರಸ್ತೆಯಿಂದ ನಮ್ಮ ಗೇಟಿಗೆ ಇರುವುದು ಸುಮಾರು 600 ಮೀಟರ್. ಅಷ್ಟು ದೂರವನ್ನು 50ರಲ್ಲಿ ಬಂದರೂ 30ರಲ್ಲಿ ಬಂದರೂ ವ್ಯತ್ಯಾಸ ಅರ್ಧ ನಿಮಿಷ ಮಾತ್ರ.

ಅದೇ ವ್ಯತ್ಯಾಸ ಮಗುವೊಂದು ಅಡ್ಡ ಬಂದಾಗ ಏನು ಮಾಡುತ್ತದೆ ನೋಡಿ. ಮಗು ಕಂಡು ಬ್ರೇಕಿನ ಮೇಲೆ ಕಾಲಿಡಲು ಎಂಥ ಚುರುಕಿನವರಿಗೂ ಒಂದು ಸೆಕೆಂಡ್ ಹಿಡಿಯುತ್ತದೆ. 30ರಲ್ಲಿದ್ದರೆ ಅಷ್ಟರಲ್ಲಿ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 5 ಮೀಟರ್. ಒಣ ರಸ್ತೆಯಲ್ಲಿ, ಬ್ರೇಕ್ ಚೆನ್ನಾಗಿದ್ದರೆ ಸುಮಾರು 13 ಮೀಟರಿಗೆ ನಿಲ್ಲುತ್ತದೆ. 50ರಲ್ಲಿದ್ದರೆ ಆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿರುತ್ತದೆ. ಅಂದರೆ 30ರ ಗಾಡಿ ಪೂರ್ತಿ ನಿಂತ ಜಾಗವನ್ನು 50ರ ಗಾಡಿ 50ರಲ್ಲೇ ದಾಟುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಈಗಂತೂ ಮಳೆಗಾಲ, ಈ ದೂರ ಇನ್ನೂ ಜಾಸ್ತಿ.

ಮಕ್ಕಳ ಕಡೆಯಿಂದಲೂ ಯೋಚಿಸಿ. ಒಂದನೇ ಕ್ಲಾಸಿನ ಮಗು ನಿಂತ ಕಾರಿನ ಬಾನೆಟ್‌ಗಿಂತ ಸ್ವಲ್ಪವೇ ಎತ್ತರ. ಅದಕ್ಕೆ ಗಾಡಿ ಕಾಣುವುದಿಲ್ಲ, ಗಾಡಿಯವರಿಗೆ ಅದು ಕಾಣುವುದಿಲ್ಲ. ಕಂಡರೂ ಗಾಡಿ ಎಷ್ಟು ಜೋರಾಗಿ ಬರುತ್ತಿದೆ ಎಂದು ಅಂದಾಜು ಮಾಡಲು ಆ ವಯಸ್ಸಿಗೆ ಬರುವುದಿಲ್ಲ. ‘ಎರಡೂ ಕಡೆ ನೋಡಿ ದಾಟು’ ಎಂದು ನಾವೂ ಹೇಳಿಕೊಡುತ್ತೇವೆ, ಹೇಳಿಕೊಡುತ್ತಲೇ ಇರುತ್ತೇವೆ. ಆದರೆ ಆರು ವರ್ಷದ ಮಗುವಿನ ಎಚ್ಚರದ ಮೇಲೆ ಭಾರ ಹಾಕಿ ದೊಡ್ಡವರು ಸುಮ್ನೆ ಇರಲು ಆಗುವುದಿಲ್ಲ, ಅಲ್ವಾ?

30 ಎನ್ನುವುದು ನಾನು ಕೈಗೆ ಬಂದಂತೆ ಆರಿಸಿದ ಸಂಖ್ಯೆ ಅಲ್ಲ. ಜನ ಮತ್ತು ಗಾಡಿ ಒಂದೇ ರಸ್ತೆಯಲ್ಲಿ ಓಡಾಡುವ ಕಡೆ 30 ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಸ್ಟ್ರಿಯಾದ ಗ್ರಾಟ್ಸ್ ನಗರ 1992ರಲ್ಲೇ ಮುಖ್ಯರಸ್ತೆ ಬಿಟ್ಟು ಉಳಿದೆಡೆ 30 ಮಾಡಿತು. ನನಗೆ ಹೆಚ್ಚು ಇಷ್ಟವಾಗುವುದು ನೆದರ್ಲೆಂಡ್ಸ್‌ನ ಕಥೆ. ಅಲ್ಲಿ 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಅಪ್ಪ ಅಮ್ಮಂದಿರು ಬೀದಿಗಿಳಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ರಸ್ತೆಯಲ್ಲೇ ಕೂತರು. ಅದೇ ಕಾಲದಲ್ಲಿ ಡೆಲ್ಫ್ಟ್ ಎಂಬ ಊರಿನಲ್ಲಿ ಮನೆಗಳ ನಡುವಿನ ರಸ್ತೆಗೆ ಬೇಕೆಂದೇ ತಿರುವು ಕೊಟ್ಟು, ಗಿಡ ನೆಟ್ಟು, ಬೆಂಚು ಹಾಕಿ, ಗಾಡಿಗಳು ನಿಧಾನಕ್ಕೇ ಹೋಗುವಂತೆ ಮಾಡಿದರು. 1976ರಲ್ಲಿ ಇಂಥ ರಸ್ತೆಗಳಿಗೆ ಕಾನೂನೇ ಬಂತು: ಇಲ್ಲಿ ಗಾಡಿ ನಡಿಗೆಯ ವೇಗದಲ್ಲಿ ಹೋಗಬೇಕು. ಈಗ ಆ ದೇಶದ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಫೋಟೋ ನೋಡಿ ನಾವು ಮೆಚ್ಚುತ್ತೇವೆ. ಅದು ತಾನಾಗೇ ಆದದ್ದಲ್ಲ, ಹೆತ್ತವರು ಕೇಳಿ ಪಡೆದದ್ದು.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1.68 ಲಕ್ಷ ಜನ. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ.

ಹಾಗಾದರೆ ಹಂಪ್ ಹಾಕಿಸಿಬಿಡಿ ಎಂದು ಬಹಳ ಜನ ಕೇಳಿದ್ದೀರಿ. ಹಾಕಿಸಬೇಕು ನಿಜ, ಆದರೆ ಸರಿಯಾದದ್ದು. ಹಿಂದೊಮ್ಮೆ ಕೆಳಗಿನ ಕ್ರಾಸಿನಲ್ಲಿ ಯಾರೋ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಒಂದು ಹಂಪ್ ಮಾಡಿದ್ದು ನಿಮಗೆ ನೆನಪಿರಬಹುದು. ಗದ್ದೆಯ ಬದುವಿನ ಹಾಗೆ ಕಿರಿದಾಗಿ, ಎತ್ತರವಾಗಿ ಇತ್ತು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಕಾರಿನ ಅಡಿಭಾಗ ಕೆರೆದು ಹೋಗುತ್ತಿತ್ತು. ಸ್ಕೂಟರಿನಲ್ಲಿ ಹಿಂದೆ ಕೂತಿದ್ದ ನಮ್ಮ ಯುಕೆಜಿ ಮಗುವೊಂದು ಎಗರಿ ಬಿದ್ದು ಮೊಣಕೈ ಒಡೆದುಕೊಂಡಿತು. ಅದನ್ನು ಒಡೆದು ತೆಗೆಯುವವರೆಗೂ ನನಗೆ ಸಮಾಧಾನ ಇರಲಿಲ್ಲ.

ಹಂಪ್ ಹೇಗಿರಬೇಕು ಎಂದು, ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯನ್ನೇ ಕೊಟ್ಟಿದೆ. ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. 25ರ ವೇಗದಲ್ಲಿ ಬಂದವರಿಗೆ ಅಷ್ಟೇನೂ ಕುಲುಕುವುದಿಲ್ಲ, ಜೋರಾಗಿ ಬಂದವರಿಗೆ ಗೊತ್ತಾಗುತ್ತದೆ. ರಾತ್ರಿಯೂ ಕಾಣುವ ಹಾಗೆ ಬಣ್ಣ ಬಳಿಯಬೇಕು. 40 ಮೀಟರ್ ಮುಂಚೆಯೇ ಎಚ್ಚರಿಕೆಯ ಬೋರ್ಡ್ ಇರಬೇಕು. ಬೆನ್ನುನೋವಿನ ಅಜ್ಜ ಅಜ್ಜಿಯರಿಗೆ, ಆಂಬುಲೆನ್ಸಿಗೆ ತೊಂದರೆ ಆಗುತ್ತದೆ ಎಂದು ಕೆಲವರು ಹೇಳಿದ್ದೀರಿ. ಆ ಮಾತು ಸರಿ. ಅದಕ್ಕೇ ಅಳತೆ ಮೀರಿದ ಹಂಪ್ ಬೇಡ ಎನ್ನುವುದು.

ಪಾಲಿಕೆಗೆ ಮತ್ತು ಸಂಚಾರ ಪೊಲೀಸರಿಗೆ ಕೊಡಲು ಮನವಿಯೊಂದನ್ನು ಸಿದ್ಧ ಮಾಡಿದ್ದೇವೆ. ಗೇಟಿನ ಮುಂದೆ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್, ಎರಡೂ ಕಡೆಯಿಂದ ಅಳತೆಗೆ ಸರಿಯಾದ ಹಂಪ್, ಮೂಲೆಯಲ್ಲಿ ಕಾರು ನಿಲ್ಲಿಸದ ಹಾಗೆ ಗೂಟ, ಮತ್ತು 30ರ ಬೋರ್ಡ್ ಕೇಳಿದ್ದೇವೆ. ಬೋರ್ಡ್ ಬಹಳ ಮುಖ್ಯ. ಕೇಂದ್ರದ 2018ರ ಅಧಿಸೂಚನೆ ಊರೊಳಗೆ ಕಾರಿಗೆ 70ರವರೆಗೂ ಅವಕಾಶ ಕೊಟ್ಟಿತ್ತು. ಆದರೆ ಜನರ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಅದಕ್ಕಿಂತ ಕಡಿಮೆ ಮಿತಿ ಹಾಕಲು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಅಧಿಕಾರ ಕೊಡುತ್ತದೆ.

ಆ ಕೆಲಸ ಆಗುವವರೆಗೆ ಕಾಯುವುದು ಬೇಡ. ನಮ್ಮ ಕೈಯಲ್ಲಿರುವುದನ್ನು ಮುಂದಿನ ಸೋಮವಾರದಿಂದಲೇ ಶುರು ಮಾಡುತ್ತಿದ್ದೇವೆ. ಬೆಳಿಗ್ಗೆ 8.15ರಿಂದ 9, ಸಂಜೆ 3.30ರಿಂದ 4.15ರವರೆಗೆ ಗೇಟಿನ ಮುಂದೆ ಕಾರು, ಸ್ಕೂಟರ್, ವ್ಯಾನ್ ಯಾವುದೂ ನಿಲ್ಲುವಂತಿಲ್ಲ. ಪಾರ್ಕಿನ ಪಕ್ಕದ ರಸ್ತೆಯಲ್ಲಿ ಮಕ್ಕಳನ್ನು ಇಳಿಸಿ. ಅಲ್ಲಿಂದ ಪಿ.ಇ. ಮೇಷ್ಟ್ರು ಮತ್ತು ಇಬ್ಬರು ಟೀಚರ್‌ಗಳು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬರುತ್ತಾರೆ. ನಡೆಯಲು ಕಷ್ಟವಿರುವ ಮಕ್ಕಳ ಗಾಡಿ ಮಾತ್ರ ಗೇಟಿನವರೆಗೆ ಬರಬಹುದು.

ವ್ಯಾನ್ ಮತ್ತು ಆಟೊ ಅಣ್ಣಂದಿರ ಜೊತೆಗೂ ಕೂತು ಮಾತಾಡಿದ್ದೇವೆ. ‘ಎರಡನೇ ಟ್ರಿಪ್ಪಿಗೆ ಲೇಟ್ ಆಗುತ್ತೆ ಮೇಡಂ, ಗೇಟ್ ಹಾಕಿಬಿಡ್ತಾರೆ, ಅದಕ್ಕೇ ಓಡಿಸೋದು’ ಎಂದು ಒಬ್ಬರು ಬಿಚ್ಚಿ ಹೇಳಿದರು. ಹಾಗಾಗಿ ಇನ್ನು ಮುಂದೆ 9.10ರವರೆಗೆ ಗೇಟ್ ತೆರೆದಿರುತ್ತದೆ. ಹತ್ತು ನಿಮಿಷ ತಡವಾಗಿ ಬಂದ ಮಗುವನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ, ಡೈರಿಯಲ್ಲಿ ಬರೆಯುವುದೂ ಇಲ್ಲ.

ಹೈಸ್ಕೂಲ್ ಮಕ್ಕಳ ಪೋಷಕರಿಗೆ ಒಂದು ಮಾತು. ‘ಟ್ಯೂಷನ್‌ಗೆ ಇಲ್ಲೇ ಹತ್ತಿರ’ ಎಂದು ಸ್ಕೂಟರ್ ಕೀ ಕೊಡಬೇಡಿ. 18 ತುಂಬದವರು ಸಿಕ್ಕಿಬಿದ್ದರೆ ಪೋಷಕರಿಗೇ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ನಮ್ಮ ರಾಜ್ಯದ ನ್ಯಾಯಾಲಯಗಳು ಈ ದಂಡ ಹಾಕಿದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಿದೆ. ದಂಡ ಹೇಗಾದರೂ ಕಟ್ಟಬಹುದು. ನನ್ನ ಭಯ ಅದರದ್ದಲ್ಲ.

ಚಿಕ್ಕ ಮಕ್ಕಳಿಗೂ ಹೆಲ್ಮೆಟ್ ಹಾಕಿಸಿ. ನಾಲ್ಕು ವರ್ಷದೊಳಗಿನ ಮಗು ಸ್ಕೂಟರಿನಲ್ಲಿದ್ದರೆ 40 ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಈ ಶನಿವಾರ ಬೆಳಿಗ್ಗೆ 10.30ಕ್ಕೆ ಸಭಾಂಗಣದಲ್ಲಿ ಪೋಷಕರ ಸಭೆ ಇದೆ. ಅಕ್ಕಪಕ್ಕದ ಮನೆಯವರನ್ನೂ ಕರೆದಿದ್ದೇವೆ, ಇದು ಅವರ ರಸ್ತೆಯೂ ಹೌದು. ಎಂಟನೇ ತರಗತಿ ಮಕ್ಕಳು ತಮ್ಮ ಲೆಕ್ಕವನ್ನು ಅಲ್ಲಿ ತೋರಿಸುತ್ತಾರೆ. ಮನವಿಗೆ ಸಹಿ ಹಾಕುವ ಹಾಳೆಯನ್ನು ಮಗುವಿನ ಡೈರಿಯಲ್ಲಿ ಇಟ್ಟಿದ್ದೇವೆ. ಸಭೆಗೆ ಬರಲು ಆಗದವರು ಶುಕ್ರವಾರದೊಳಗೆ ಸಹಿ ಮಾಡಿ ಕ್ಲಾಸ್ ಟೀಚರ್ ಕೈಗೆ ಕಳಿಸಿ. ಪಾರ್ಕಿನ ಹತ್ತಿರ ಮಕ್ಕಳ ಜೊತೆ ನಡೆಯಲು ವಾರಕ್ಕೊಂದು ದಿನ ಬಿಡುವಾಗುವವರು, ಮನೆಯ ಹಿರಿಯರಾದರೂ ಸರಿ, ಹಾಳೆಯ ಹಿಂಬದಿಯಲ್ಲಿ ಹೆಸರು ಮತ್ತು ದಿನ ಬರೆದು ಕೊಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ