ಲ್ಯಾಮಿಂಗ್ಟನ್ ರಸ್ತೆಯಲ್ಲಿ ನೆರವಾದವರಿಗೆ

ಕಳೆದ ಶನಿವಾರ ಸಂಜೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಪುಟ್ಟ ದುರಸ್ತಿ ಅಂಗಡಿಯೊಂದರಲ್ಲಿ ನನಗೆ ನೆರವಾದ, ಹೆಸರು ಕೇಳಿದಾಗ ನಕ್ಕು ಸುಮ್ಮನಾದ ಕನ್ನಡಿಗ ತರುಣರೊಬ್ಬರಿಗೆ ಈ ಧನ್ಯವಾದ.

ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣಿಸುತ್ತಲೇ ಇರಲಿಲ್ಲ. ಮಗಳ ಕಾಲೇಜು ಪ್ರವೇಶದ ಅರ್ಜಿಯನ್ನು ಆ ರಾತ್ರಿಯೊಳಗೆ ಸಲ್ಲಿಸಬೇಕಿತ್ತು, ಕಾಗದಪತ್ರಗಳೆಲ್ಲ ಅದರಲ್ಲೇ ಇದ್ದವು. ವಿಂಡೋಸ್ ಹಾಕಿಸಿಕೊಳ್ಳಿ ಎಂಬುದೇ ಉಳಿದ ಅಂಗಡಿಗಳ ಉತ್ತರವಾಗಿತ್ತು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, “ಕೊಡಿ ಅಕ್ಕಾ, ನೋಡುವ” ಎಂದು ಅವರು ತಮ್ಮ ಸ್ಟೂಲನ್ನೇ ನನ್ನತ್ತ ಸರಿಸಿದರು.

ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ವೈಫೈ ಚಿಪ್ ಯಾವುದೆಂದು ಗುರುತಿಸಿದ ಅವರು, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಮೂಲ ಸಂಕೇತ ಮುಕ್ತವಾಗಿಲ್ಲದ್ದರಿಂದ ಅದು ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಜೊತೆಗೆ ಬರುವುದಿಲ್ಲ, ಪ್ರತ್ಯೇಕವಾಗಿ ಹಾಕಬೇಕು ಎಂದು ನಿಧಾನವಾಗಿ ವಿವರಿಸಿದರು. ಅದಕ್ಕೂ ಇಂಟರ್ನೆಟ್ ಬೇಕಲ್ಲವೇ? ತಮ್ಮದೇ ಫೋನನ್ನು ಕೇಬಲಿನಿಂದ ಜೋಡಿಸಿ, ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚುವ ಯುಎಸ್‌ಬಿ ಟೆದರಿಂಗ್ ಮೂಲಕ ಡ್ರೈವರ್ ಇಳಿಸಿದರು. ನಂಬಲರ್ಹ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದುದರಿಂದ ಹೊಸ ಡ್ರೈವರಿನ ಸಹಿಯ ಕೀಲಿಯನ್ನು ಯಂತ್ರಕ್ಕೆ ನೋಂದಾಯಿಸಬೇಕಿತ್ತು. ಅದಕ್ಕೊಂದು ಪಾಸ್‌ವರ್ಡ್ ಇಡಲು ನನಗೇ ಹೇಳಿ, ನಾನು ಒತ್ತುವಷ್ಟು ಹೊತ್ತೂ ಮುಖವನ್ನು ಬೀದಿಯತ್ತ ತಿರುಗಿಸಿಕೊಂಡರು. ಮರುಚಾಲನೆಯಾದಾಗ ಬಂದ ಕೀಲಿ ನೋಂದಣಿಯ ನೀಲಿ ಪರದೆ ಕಂಡು ನಾನು ಗಾಬರಿಗೊಂಡೆ. “ಇದು ಬರಲೇಬೇಕು, ಅಕ್ಕಾ” ಎಂದರು. ಸ್ವಲ್ಪದರಲ್ಲೇ ಸುತ್ತಲಿನ ವೈಫೈಗಳ ಪಟ್ಟಿ ಮೂಡಿತು, ನನ್ನ ಕೈನಡುಕ ನಿಂತಿತು.

ಅರ್ಜಿಯನ್ನು ಅಲ್ಲೇ ಕುಳಿತು ಸಲ್ಲಿಸಿದೆವು. ಹಣ ಬೇಡವೆಂದ ಅವರು, ಕರ್ನಲ್ ಹೊಸದಾದಾಗ ವೈಫೈ ಮತ್ತೆ ಹೋದರೆ ಡ್ರೈವರನ್ನು ಹೊಸ ಕರ್ನಲ್‌ಗೆ ಹೊಂದಿಸಲು ಬೇಕಾದ ಕಡತಗಳಾದ ಕರ್ನಲ್ ಹೆಡರ್‌ಗಳು ಇವೆಯೇ ಎಂದು ಮೊದಲು ನೋಡಬೇಕೆಂಬುದನ್ನು, ಬೇಕಾದ ಆದೇಶಗಳ ಸಹಿತ, ಒಂದು ಚೀಟಿಯಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟರು.