ಪಂಕ್ತಿಯಲ್ಲಿ ಯಾರೂ ಪಗಾರ ಕೇಳಲ್ಲ

ಕಲಬುರಗಿ

ಪ್ರೀತಿಯ ತಮ್ಮಾ,

ಮೊನ್ನೆ ಫೋನಿನಲ್ಲಿ "ನನ್ನಿಂದ ಯಾರಿಗೇನು ಉಪಯೋಗ" ಅಂತ ನೀನಂದ ಮಾತಿಗೆ ಆಗಲೇ ಉತ್ತರ ಕೊಡಬಹುದಿತ್ತು. ಕೊಟ್ಟಿದ್ದರೆ "ಹಂಗೆಲ್ಲಾ ಅನಬ್ಯಾಡೋ" ಅಂತ ಹೇಳಿ ಮುಗಿಸಿಬಿಡುತ್ತಿದ್ದೆ. ನೀನೂ "ಆಯ್ತತ್ತಿ" ಅಂತ ಫೋನ್ ಇಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋಕೆ ಆಗಲ್ಲ, ಅಲ್ವಾ?

ಮೊದಲು ಒಂದು ನೇರ ಪ್ರಶ್ನೆ. ಸಾಯಬೇಕು ಅನ್ನಿಸುತ್ತಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಆಗಲ್ಲ. ಯಾರೂ ಕೇಳದಿದ್ದಾಗಲೇ ಮನುಷ್ಯ ಇನ್ನಷ್ಟು ಒಂಟಿಯಾಗುತ್ತಾನೆ. ನಿನ್ನ ಉತ್ತರ ಹೌದು ಅಂತಾದರೆ ಈ ಕಾಗದ ಇಲ್ಲಿಗೇ ಮಡಚಿಡು. ಎದ್ದು ಹೋಗಿ ಅವ್ವನ ಹತ್ತಿರ ಕೂತುಕೋ. ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ನಾನು ಎತ್ತದಿದ್ದರೆ 14416ಕ್ಕೆ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಹಗಲೂ ರಾತ್ರಿಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಉಳಿದದ್ದನ್ನು ಆಮೇಲೆ ಓದಿದರಾಯಿತು, ಇದಕ್ಕೇನೂ ಅವಸರವಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. "ನನ್ನಿಂದ ಯಾರಿಗೇನು ಉಪಯೋಗ ಅತ್ತಿ?"

ಕೆಲಸ ಹೋಗಿ ಊರಿಗೆ ಬಂದವನ ಮುಂದೆ ನಮ್ಮ ಕಡೆ ಎಲ್ಲರೂ ಒಂದೇ ಮಾತು ಎತ್ತುತ್ತಾರೆ. ಕಾಯಕವೇ ಕೈಲಾಸ. ಶಾಲೆಯ ಗೋಡೆ ಮೇಲೂ ಅದೇ, ಆಟೋ ಹಿಂದೆಯೂ ಅದೇ. ಕೆಲಸ ಇದ್ದವನಿಗೆ ಅದು ಹೆಮ್ಮೆಯ ಮಾತು. ಕೆಲಸ ಕಳೆದುಕೊಂಡವನಿಗೆ ಬೈಗುಳ. ಆದರೆ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಒಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಅದರ ಜೋಡಿ ದಾಸೋಹವನ್ನೂ ಹೇಳಿದರು. ನಮ್ಮ ಜನ ಅರ್ಧ ಹಿಡಿದುಕೊಂಡು ಅರ್ಧ ಬಿಟ್ಟಿದ್ದಾರೆ. ದುಡಿ ಅನ್ನುವ ಅರ್ಧ ಎಲ್ಲರಿಗೂ ಬಾಯಿಪಾಠ. ಉಣ್ಣು, ಇಲ್ಲಿ ನಿನಗೂ ಜಾಗ ಇದೆ ಅನ್ನುವ ಅರ್ಧ ಯಾರ ಬಾಯಲ್ಲೂ ಬರಲ್ಲ.

ನೀನು ಚಿಕ್ಕವನಿದ್ದಾಗ ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಪ್ರಸಾದದ ಪಂಕ್ತಿ ನೆನಪಿದೆಯಾ? ನಮ್ಮ ಒಂದು ಕಡೆ ಹಮಾಲ, ಇನ್ನೊಂದು ಕಡೆ ಜರಿ ಸೀರೆಯ ಹೆಂಗಸು. ಅತ್ತ ಗೋಡೆಗೊರಗಿ ಮನೆ ಮಠ ಇಲ್ಲದ ಮುದುಕ. ಬಡಿಸುವವನು ಯಾರನ್ನೂ "ಏನ್ ಕೆಲ್ಸ, ಎಷ್ಟ್ ಪಗಾರ" ಅಂತ ಕೇಳಲಿಲ್ಲ. ಬಂದು ಕೂತಿದ್ದೇ ಸಾಕಾಗಿತ್ತು. ಆ ಗುಡಿಯ ಶರಣಬಸವರ ಕಥೆಯೂ ನಿನಗೆ ಗೊತ್ತು. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಹೊಲದಿಂದ ಓಡಿಸದೆ, ಕುಡಿಯಲು ನೀರಿಟ್ಟರಂತೆ. ಹಕ್ಕಿಯಿಂದ ಹೊಲದವನಿಗೇನು ಉಪಯೋಗ? ಹಕ್ಕಿ ತೊಗರಿಯ ಕಾಯಿಕೊರಕ ಹುಳ ತಿನ್ನುತ್ತದೆ, ಕೂರಲು ಕವೆಗೋಲು ನೆಡಿ ಅಂತ ಈಗ ಕೃಷಿ ಇಲಾಖೆಯವರು ಹೇಳುತ್ತಾರೆ. ಇರಲಿ. ನೀರಿಟ್ಟವರಿಗೆ ಆ ಲೆಕ್ಕ ಇರಲಿಲ್ಲ.

ಇದು ಬರೀ ದೇವರ ಮಾತು ಅನ್ನಿಸಿದರೆ ಮನೆಯದ್ದೇ ತೆಗೆದುಕೋ. ಆಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳಲ್ಲ, ಆಗ ನೀನು ಇನ್ನೂ ಹೈಸ್ಕೂಲು. ಆಕೆ ರೊಟ್ಟಿ ಬಡಿಯುವಂತಿರಲಿಲ್ಲ. ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಪಿಂಚಣಿ ಇರಲಿಲ್ಲ. ಲೆಕ್ಕ ಹಾಕಿದರೆ ಆಕೆಯಿಂದ ಮನೆಗೆ ಬರೀ ಖರ್ಚು. ನೀನು ಶಾಲೆಯಿಂದ ಬಂದವನೇ ಆಕೆಯ ತಲೆ ಬಾಚುತ್ತಿದ್ದೆ. ಬೈತಲೆ ಸೊಟ್ಟ ಹೋದರೆ ಆಕೆ ಎಡಗೈಯಿಂದ ನಿನ್ನ ಕಿವಿ ಹಿಂಡುತ್ತಿದ್ದಳು. ಇಬ್ಬರೂ ನಗುತ್ತಿದ್ದಿರಿ. ನೀನು ಉಪಯೋಗಕ್ಕೆ ಬಂದವನು ಅಂತ ತೋರಿಸಲು ಇದನ್ನು ಬರೆಯುತ್ತಿಲ್ಲ. ಉಪಯೋಗಕ್ಕೆ ಬಾರದ ಆಯಿ ಇದ್ದರೆ ಸಾಕು ಅಂತ ನಿನಗೆ ಅನ್ನಿಸುತ್ತಿತ್ತು. ಅದಕ್ಕೆ ಯಾರ ಪಾಠವೂ ಬೇಕಾಗಿರಲಿಲ್ಲ. ಈಗ ನಿನ್ನ ಸರದಿ ಬಂದಾಗ ಮಾತ್ರ ಕಾನೂನು ಯಾಕೆ ಬದಲಾಗಬೇಕು?

ಬೆಂಗಳೂರಲ್ಲಿ ನಮ್ಮ ಕಡೆಯ ನಿನ್ನ ಕನ್ನಡ ಕೇಳಿ ನಕ್ಕರು ಅಂತ ಹೇಳಿದ್ದೆ. "ಮಾಡ್ಲತ್ತೀನಿ" ಅಂದರೆ ಸಾಕು, ಆಫೀಸಿನಲ್ಲಿ ಅದನ್ನೇ ಹೇಳಿ ಹೇಳಿ ಕಾಡಿಸುತ್ತಿದ್ದರಂತೆ. ಆಮೇಲೆ ನೀನು ಮಾತಾಡುವುದನ್ನೇ ಕಡಿಮೆ ಮಾಡಿದೆ. ನನಗೆ ಕೆಲಸ ಹೋದದ್ದಕ್ಕಿಂತ ಇದು ಜಾಸ್ತಿ ನೋವು ಕೊಟ್ಟಿತು. ಮಳಖೇಡ ನಮ್ಮ ಪಕ್ಕದಲ್ಲೇ ಇದೆ, ರಾಷ್ಟ್ರಕೂಟರು ಅಲ್ಲೇ ಕೂತು ಆಳಿದರು ಅಂತ ಹೇಳಿ ನಿನ್ನನ್ನು ಉಬ್ಬಿಸಬಹುದು. ಆದರೆ ತನ್ನ ಮಾತು ತಾನಾಡಲು ಯಾರಿಗೂ ರಾಜಧಾನಿ ಬೇಕಿಲ್ಲ. ಅವ್ವ ಆಡಿದ ಮಾತು, ಸಾಕು.

ಊರಲ್ಲಿ ಇನ್ನೊಂದು ಥರ. "371(ಜೆ) ಅದಲ್ಲ, ಆದ್ರೂ ನೌಕರಿ ಸಿಗಲಿಲ್ಲೇನು?" ಸಂವಿಧಾನದ ಆ ಕಲಮಿನಿಂದಾಗಿ 2013ರಿಂದ ಈ ಭಾಗಕ್ಕೆ ಮೀಸಲಾತಿ ಬಂತು, ಒಳ್ಳೆಯದೇ ಆಯಿತು. ಆದರೆ ಇರುವ ಹುದ್ದೆಗಳಿಗಿಂತ ಅರ್ಜಿ ಹಾಕುವವರು ಯಾವಾಗಲೂ ಜಾಸ್ತಿ. ಸಿಗದವರೆಲ್ಲ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕಟ್ಟೆ ಮೇಲೆ ಕೂತು ಕೇಳುವವರಿಗೆ ಈ ಲೆಕ್ಕ ಗೊತ್ತಿಲ್ಲ ಅಂತಲ್ಲ, ಸುಮ್ನೆ ಕೇಳುತ್ತಾರೆ. ನೀನೂ "ಇಲ್ಲ, ಸಿಗಲಿಲ್ಲ" ಅಂತ ಹೇಳಿ ಮುಂದೆ ನಡಿ. ವಿವರಣೆ ಕೊಡುವ ಸಾಲ ನಿನ್ನ ಮೇಲಿಲ್ಲ.

ತೊಗರಿಗೆ ಕುಡಿ ಚಿವುಟಿದರೆ ಕೊಂಬೆ ಜಾಸ್ತಿ ಒಡೆಯುತ್ತದೆ, ಹಾಗೇ ಸೋಲೂ ಒಳ್ಳೆಯದಕ್ಕೇ ಅಂತ ನಿನ್ನ ಕಾಕಾ ಭಾಷಣ ಮಾಡಿದನಂತೆ. ತೊಗರಿಯ ವಿಷಯದಲ್ಲಿ ಅವನು ಹೇಳಿದ್ದು ನಿಜ. ಗಿಡಕ್ಕೆ ನೋವಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗಾಗಿದೆ. ಅದನ್ನು ಒಳ್ಳೆಯದು ಅಂತ ಒಪ್ಪಿಕೊಳ್ಳುವ ಅಗತ್ಯ ಏನೂ ಇಲ್ಲ.

ನಿನ್ನನ್ನು ನೀನು ಪ್ರೀತಿಸು ಅಂತ ಮೊಬೈಲಿನಲ್ಲಿ ದಿನಾ ಯಾರೋ ಒಬ್ಬರು ಹೇಳುತ್ತಿರುತ್ತಾರೆ. ಈಗಿನ ನಿನ್ನ ಸ್ಥಿತಿಯಲ್ಲಿ ಅದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ ನನಗೆ. ಅಷ್ಟು ಬೇಡ. ನಿನ್ನ ಮೇಲಿನ ಹಗೆ ಬಿಡು, ಸಾಕು. ಕನ್ನಡಿ ಮುಂದೆ ನಿಂತು ನಿನಗೆ ನೀನೇ ಬೈದುಕೊಳ್ಳುತ್ತೀಯಲ್ಲ, ಆ ಮಾತನ್ನು ತಂಗಿಗೆ ಹೇಳುತ್ತೀಯಾ? ಅವಳಿಗೆ ಹೇಳಲಾಗದ್ದನ್ನು ನಿನಗೂ ಹೇಳಿಕೊಳ್ಳಬೇಡ. ಬೈಗುಳ ಬಾಯಿಗೆ ಬರುತ್ತಲೇ ಇರುತ್ತದೆ, ಅಭ್ಯಾಸ ಆಗಿಬಿಟ್ಟಿದೆ. ಬಂದಾಗ ಅರ್ಧಕ್ಕೆ ನಿಲ್ಲಿಸು.

ಬದುಕಲು ಕಾರಣ ಏನು ಅಂತ ಕೂತು ಹುಡುಕಿದರೆ ದೊಡ್ಡದೇನೂ ಸಿಗಲ್ಲ. ನನಗೂ ಸಿಕ್ಕಿಲ್ಲ. ಆದರೆ ನೀನು ಸೈಕಲ್ ತುಳಿದುಕೊಂಡು ನಾಗಾವಿಗೆ ಹೋಗುತ್ತಿದ್ದೆ. ಅರವತ್ತು ಕಂಬದ ಗುಡಿಯಲ್ಲಿ ಕೂತು ಕಂಬಗಳ ಚಿತ್ರ ಬರೆಯುತ್ತಿದ್ದೆ. ಅಲ್ಲೊಂದು ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಲಯ ಇತ್ತು, 1058ರ ಶಾಸನದಲ್ಲಿ ಓದುವ ಹುಡುಗರ ಲೆಕ್ಕವಿದೆ, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಇದ್ದರು ಅಂತ ನನಗೆ ಹೇಳಿದವನು ನೀನೇ. "ಅತ್ತಿ, ಆಗ್ಲೇ ಲೈಬ್ರರಿಯನ್ ಇದ್ರು!" ಅಂತ ಕುಣಿದಿದ್ದೆ. ಜನ್ಮವೆಲ್ಲ ಚಿತ್ತಾಪುರ ತಾಲೂಕಿನಲ್ಲೇ ಪಾಠ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ಆ ಚಿತ್ರಗಳಿಂದ ನಿನಗೆ ಅಂಕ ಬರಲಿಲ್ಲ, ಪಗಾರ ಬರಲಿಲ್ಲ. ಆದರೂ ಉಣ್ಣುವುದು ಮರೆತು ಕೂರುತ್ತಿದ್ದೆ. ಇಷ್ಟವಾದದ್ದಕ್ಕೆ ಲಾಭ ಕೇಳುವುದನ್ನು ಆಮೇಲೆ ಎಲ್ಲೋ ಕಲಿತೆ. ಒಂದು ದಿನ ಸುಮ್ನೆ ಹೋಗಿ ಬಾ. ಚಿತ್ರ ಬರೆಯಲೇಬೇಕು ಅಂತೇನಿಲ್ಲ.

ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆರಿಸಿ ತಂದನಂತೆ. ಇವತ್ತಿಗೆ ಇಷ್ಟು ಬೇಕಿಲ್ಲ, ವಾಪಸ್ ಸುರಿದು ಬಾ ಅಂದಳಂತೆ ಹೆಂಡತಿ ಲಕ್ಕಮ್ಮ. ನೀನು ಮುಂದಿನ ಮೂವತ್ತು ವರ್ಷದ ಚಿಂತೆ ಒಟ್ಟಿಗೆ ಹೊತ್ತುಕೊಂಡು ಫೋನ್ ಮಾಡಿದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾಳೆ.

ಇನ್ನೊಂದು ವಿಷಯ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಇಷ್ಟದ್ದೂ ಬೇಡ ಅನ್ನಿಸುತ್ತದೆ ಅಂದೆಯಲ್ಲ. ವಾರಗಟ್ಟಲೆ ಹೀಗಿದ್ದರೆ ಅದು ನಿನ್ನ ಸ್ವಭಾವ ಅಲ್ಲ, ಕಾಯಿಲೆ ಇರಬಹುದು. ನನ್ನ ಕಾಗದದಿಂದ ಅದು ವಾಸಿಯಾಗಲ್ಲ. ಡಾಕ್ಟರಿಗೆ ತೋರಿಸಬೇಕು. "ಹುಚ್ಚರ ಡಾಕ್ಟ್ರು" ಅಂತ ಯಾರಾದರೂ ಅಂದರೆ ಅನ್ನಲಿ. ಇದು ಪಟ್ಟಣದ ಶ್ರೀಮಂತರ ಕಾಯಿಲೆಯೂ ಅಲ್ಲ. ಹಳ್ಳಿಯವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮನಸ್ಸಿನ ಚಿಕಿತ್ಸೆ ಕೊಡುವುದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ನೋಡಿ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿದರು. ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ. ಚೀಟಿ ಮಾಡಿಸುವ ಸಾಲಿನಲ್ಲಿ ನಾನು ನಿಲ್ಲುತ್ತೇನೆ, ನೀನು ನೆರಳಲ್ಲಿ ಕೂತಿರು.

ನಿಮ್ಮಪ್ಪನಿಗೆ ನೀನು ಹೇಳುತ್ತೀಯೋ, ನಾನು ಹೇಳಲೋ, ಅದನ್ನಷ್ಟು ತಿಳಿಸು. ಅವನು ಮೊದಲು ಸಿಟ್ಟು ಮಾಡುತ್ತಾನೆ, ಆಮೇಲೆ ಅಳುತ್ತಾನೆ. ನನ್ನ ತಮ್ಮ, ನನಗೆ ಗೊತ್ತು. ಭಾನುವಾರದವರೆಗೆ ನಿನ್ನ ಫೋನ್ ಕಾಯುತ್ತೇನೆ. ಬರದಿದ್ದರೆ ಸೋಮವಾರ ಬೆಳಿಗ್ಗೆ ಚಿತ್ತಾಪುರದ ಬಸ್ ಹತ್ತುತ್ತೇನೆ. ಅವ್ವನಿಗೆ ಪುಂಡಿಪಲ್ಯ ಮಾಡಿಡಲು ಹೇಳು.

ನಿನ್ನ ಅತ್ತಿ